ಬ್ಯಾಟರಿ ಕಾನೂನು ಮನೆ ಬಾಗಿಲ ಹೊರಗೇ ನಿಂತಿದೆ

ಈ ಸಲ ರಜೆಗೆ ಸಿಂಗಪುರದಿಂದ ಊರಿಗೆ ಹೋದಾಗ ಅಕ್ಕನ ಮನೆಯಲ್ಲಿ ಒಂದು ಮಾತು ಮನಸ್ಸಿಗೆ ಚುಚ್ಚಿತು. ಅಕ್ಕನದು ಶಿಡ್ಲಘಟ್ಟದ ಪಕ್ಕದ ಹಳ್ಳಿ. ರೇಷ್ಮೆ ಸಾಕುವ ಮನೆ. ರಾತ್ರಿ ಮುದ್ದೆ ಊಟ ಮುಗಿದು ಎಲ್ಲರೂ ಹಾಸಿಗೆ ಹಾಸುವ ಹೊತ್ತಿಗೆ ಅಕ್ಕನ ಮಗ ಸ್ಕೂಟರಿನ ಬ್ಯಾಟರಿ ಬಿಚ್ಚಿಕೊಂಡು ಒಳಗೆ ಬಂದ. ಪಡಸಾಲೆಯಲ್ಲಿ, ಅಕ್ಕನ ಅತ್ತೆ ಮಲಗುವ ಮಂಚದ ಪಕ್ಕದಲ್ಲೇ ಅದನ್ನು ಚಾರ್ಜಿಗೆ ಹಾಕಿದ.

"ರಾತ್ರಿಯೆಲ್ಲಾ ಹೀಗೇ ಬಿಡ್ತೀಯೇನೋ?" ಎಂದೆ.

"ದಿನಾ ಹಿಂಗೇ ಮಾವ. ಏನೂ ಆಗಲ್ಲ, ಸುಮ್ನಿರಿ" ಎಂದ.

ಭಾವ ಜಗುಲಿಯಿಂದಲೇ ಕೂಗಿದರು: "ಆ ಸಿಂಗಪುರದ ರೂಲ್ಸೆಲ್ಲಾ ಅಲ್ಲೇ ಬಿಟ್ಟು ಬಾರಯ್ಯ." ಮನೆಮಂದಿಯೆಲ್ಲಾ ನಕ್ಕರು. ನನಗೆ ನಗು ಬರಲಿಲ್ಲ. ಆ ಮುದುಕಿಗೆ ಮೊಣಕಾಲು ನೋವು. ಮಂಚದಿಂದ ಎದ್ದು ಬಾಗಿಲಿಗೆ ಬರಬೇಕಾದರೆ ಯಾರಾದರೂ ಕೈ ಹಿಡಿಯಬೇಕು. ಮನೆಗೆ ಇರುವುದು ಅದೊಂದೇ ಬಾಗಿಲು.

ಬೆಳಿಗ್ಗೆ ಆ ಬ್ಯಾಟರಿಯನ್ನು ಕೈಗೆತ್ತಿಕೊಂಡು ನೋಡಿದೆ. ಹೊರಗೆ ಡಬ್ಬಿ ಇಲ್ಲ. ಸೆಲ್ಲುಗಳನ್ನು ಜೋಡಿಸಿ ಮೇಲೆ ನೀಲಿ ಪ್ಲಾಸ್ಟಿಕ್ ಸುತ್ತಿದ್ದಾರೆ. ಒಂದು ಮೂಲೆ ಸವೆದು ಹರಿದಿತ್ತು, ಅಲ್ಲಿ ಕಪ್ಪು ಟೇಪು ಅಂಟಿಸಿದ್ದರು. ಕಂಪನಿ ಹೆಸರಿಲ್ಲ, ತಾರೀಕಿಲ್ಲ, ಎಷ್ಟು ವೋಲ್ಟು ಅಂತಲೂ ಬರೆದಿಲ್ಲ. ಚಾರ್ಜರ್ ಕಿಟಕಿ ಸರಳಿಗೆ ವೈರಿನಿಂದಲೇ ನೇತಾಡುತ್ತಿತ್ತು. ಪ್ಲಗ್ಗು ಸಿಕ್ಕಿಸುವ ತೂತಿನ ಸುತ್ತ ಸಾಕೆಟ್ಟು ಕಂದು ಬಣ್ಣಕ್ಕೆ ತಿರುಗಿತ್ತು.

ಕೇಳಿದಾಗ ಕತೆ ಗೊತ್ತಾಯಿತು. ಗಾಡಿ ಕೊಂಡಾಗ ಅದರಲ್ಲಿ ಲೆಡ್ ಆಸಿಡ್ ಬ್ಯಾಟರಿ ಇತ್ತು. ಡೇರಿಗೆ ಹಾಲಿನ ಕ್ಯಾನು, ತೋಟದಿಂದ ಹಿಪ್ಪುನೇರಳೆ ಸೊಪ್ಪಿನ ಹೊರೆ, ಎಲ್ಲಾ ಅದರ ಮೇಲೇ. ಬೇಗ ಬ್ಯಾಟರಿ ಕೈಕೊಟ್ಟಿತು. ಪೇಟೆಯ ಒಂದು ಅಂಗಡಿಯವನು ಕಮ್ಮಿ ದುಡ್ಡಿಗೆ ಲಿಥಿಯಂ ಹಾಕಿಕೊಟ್ಟ. ಚಾರ್ಜರ್ ಮಾತ್ರ ಹಳೆಯದೇ. ಯಾಕೆ ಅಂದರೆ, ಪಿನ್ನು ಸರಿಹೋಗುತ್ತಲ್ಲ.

ಪಿನ್ನು ಸರಿಹೋದರೆ ಸಾಲದು. 48 ವೋಲ್ಟಿನ ಲಿಥಿಯಂ ಪ್ಯಾಕಿನಲ್ಲಿ ಸಾಮಾನ್ಯವಾಗಿ 13 ಸೆಲ್ಲುಗಳನ್ನು ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ. ಒಂದೊಂದು ಸೆಲ್ಲು ತುಂಬಿದಾಗ 4.2 ವೋಲ್ಟು. ಒಟ್ಟು 54.6. ಅಲ್ಲಿಗೆ ನಿಲ್ಲಬೇಕು. 48 ವೋಲ್ಟಿನ ಲೆಡ್ ಆಸಿಡ್ ಚಾರ್ಜರ್ 58ರ ತನಕ ತಳ್ಳುತ್ತದೆ. ಒಳಗೆ ಚಾರ್ಜಿನ ಮಿತಿ ಕಾಯುವ ಬಿಎಂಎಸ್ ಎಂಬ ಬೋರ್ಡು ಗಟ್ಟಿಯಾಗಿದ್ದರೆ ತಡೆಯುತ್ತದೆ. ಅದೂ ಅಗ್ಗದ್ದಾಗಿದ್ದರೆ ಸೆಲ್ಲು ಮಿತಿ ಮೀರಿ ತುಂಬುತ್ತಾ ಹೋಗುತ್ತದೆ. ಬಿಸಿಯಾಗುತ್ತದೆ, ಉಬ್ಬುತ್ತದೆ. ಒಂದು ಸೆಲ್ಲು ಹತ್ತಿಕೊಂಡರೆ ಪಕ್ಕದ್ದನ್ನೂ ಹತ್ತಿಸುತ್ತದೆ. ಆ ಹೊಗೆಯಲ್ಲಿ ವಿಷವಿರುತ್ತದೆ, ಮಲಗಿದವರಿಗೆ ಎಚ್ಚರವಾಗುವ ಮೊದಲೇ ಉಸಿರು ಕಟ್ಟುತ್ತದೆ. ಇದನ್ನು ಅಳಿಯನಿಗೆ ಹೇಳಿದೆ. ಅವನು ದಡ್ಡನಲ್ಲ, ಐಟಿಐ ಓದಿದವನು. "ಅಂಗಡಿಯವರು ಇದೇನೂ ಹೇಳಲಿಲ್ಲ ಮಾವ" ಎಂದ. ನನ್ನ ಹೊಟ್ಟೆ ಉರಿದದ್ದು ಆ ಮಾತಿಗೆ.

ನಾನಿರುವ ಸಿಂಗಪುರದ ಕತೆ ಬೇರೆ. ಇಲ್ಲಿ ಹೆಚ್ಚಿನ ಜನ ಇರುವುದು ಸರ್ಕಾರಿ ವಸತಿ ಮಂಡಳಿಯ ಫ್ಲ್ಯಾಟುಗಳಲ್ಲಿ, ಒಂದರ ಮೇಲೊಂದು, ಗೋಡೆಗೆ ಗೋಡೆ. ಹಾಗಾಗಿ ಒಬ್ಬರ ಬ್ಯಾಟರಿ ಇಡೀ ಕಟ್ಟಡದವರ ಚಿಂತೆ. 2019ರ ಜುಲೈನಲ್ಲಿ ಬುಕಿತ್ ಬಾತೋಕ್ ಎಂಬಲ್ಲಿ ಒಂದು ಫ್ಲ್ಯಾಟಿಗೆ ಬೆಂಕಿ ಬಿದ್ದು ಒಬ್ಬರು ತೀರಿಕೊಂಡರು. ಆ ಮನೆಯಲ್ಲಿ ಸುಟ್ಟುಹೋದ ಮೂರು ಇ-ಸ್ಕೂಟರುಗಳು ಸಿಕ್ಕವು. ಆಮೇಲೆ ಸರ್ಕಾರ ಕೈಕಟ್ಟಿ ಕೂರಲಿಲ್ಲ. ಬ್ಯಾಟರಿ ಮತ್ತು ವೈರಿಂಗ್ ಬೆಂಕಿ ಹತ್ತದಷ್ಟು ಸುರಕ್ಷಿತವೇ ಎಂದು ಪರೀಕ್ಷೆ ಮಾಡುವ ಯುಎಲ್ 2272 ಎಂಬ ಮಾನದಂಡ ಇದೆ. ಅದನ್ನು ಪಾಸಾಗದ ಇ-ಸ್ಕೂಟರುಗಳಿಗೆ 2021ರ ತನಕ ಗಡುವು ಕೊಟ್ಟಿದ್ದರು. ಅದನ್ನು ಹಿಂದಕ್ಕೆಳೆದು 2020ರ ಜುಲೈ 1ಕ್ಕೆ ತಂದರು. ನೋಂದಣಿಯಾದ ಸ್ಕೂಟರನ್ನು ಎರಡು ವರ್ಷಕ್ಕೊಮ್ಮೆ ತಪಾಸಣೆಗೆ ಒಯ್ಯಬೇಕು. ಬ್ಯಾಟರಿ ಸೈಕಲ್ಲಿಗೆ ಬೇರೆ ಮಾನದಂಡ, ಬೇರೆ ನಂಬರ್ ಪ್ಲೇಟು, ಕಿತ್ತಳೆ ಬಣ್ಣದ ಸೀಲು.

ಕಾಗದದ ಮೇಲಿನ ಕಾನೂನು ಎಲ್ಲಾ ದೇಶದಲ್ಲೂ ಇರುತ್ತದೆ. ನನಗೆ ಹಿಡಿಸಿದ್ದು ಅದು ಮನೆ ಒಳಗೆ ಬಂದ ರೀತಿ. ನಮ್ಮ ಲಿಫ್ಟಿನ ಪಕ್ಕ ಅಗ್ನಿಶಾಮಕದವರ ಒಂದು ಪೋಸ್ಟರ್ ಇದೆ, ತಮಿಳಿನಲ್ಲೂ ಇದೆ. ರಾತ್ರಿಯಿಡೀ ಚಾರ್ಜಿಗೆ ಬಿಡಬೇಡಿ, ಓಡಿಹೋಗುವ ದಾರಿಗೆ ಅಡ್ಡ ಇಡಬೇಡಿ, ಗಾಡಿಯ ಜೊತೆ ಬಂದ ಚಾರ್ಜರ್ ಬಿಟ್ಟು ಬೇರೆ ಬಳಸಬೇಡಿ, ಉಬ್ಬಿದ ಬ್ಯಾಟರಿ ಮುಟ್ಟಬೇಡಿ. ಇಷ್ಟೇ. ನಮ್ಮ ಮಹಡಿಯಲ್ಲಿ ಊಟ ತಲುಪಿಸುವ ಕೆಲಸದ ಹಿರಿಯರೊಬ್ಬರಿದ್ದಾರೆ. ಅವರು ಬ್ಯಾಟರಿ ಸೈಕಲ್ ತಂದ ವಾರ ಎದುರುಮನೆಯಾಕೆ ಹೋಗಿ ಬಾಗಿಲು ತಟ್ಟಿದರು. ಇದು ಪರೀಕ್ಷೆಯಾದದ್ದೇ, ರಾತ್ರಿ ಎಲ್ಲಿ ಇಡುತ್ತೀರಿ ಎಂದು ನೇರವಾಗಿ ಕೇಳಿದರು. ಆ ಹಿರಿಯರು ಮುನಿಸಿಕೊಳ್ಳಲಿಲ್ಲ. ಸೈಕಲ್ ತಿರುಗಿಸಿ ಸೀಲು ತೋರಿಸಿದರು. ಮಲಗುವ ಮುಂಚೆ ಪ್ಲಗ್ಗು ತೆಗೆಯುತ್ತೇನೆ ಎಂದರು. ಈಗಲೂ ತೆಗೆಯುತ್ತಾರೆ.

ಇದೇ ಪ್ರಶ್ನೆಯನ್ನು ನಮ್ಮೂರಲ್ಲಿ ಎದುರುಮನೆಯವರು ಕೇಳಿದರೆ ಏನಾಗುತ್ತದೆ ಹೇಳಿ. "ನಮ್ಮ ಮನೆ ಉಸಾಬರಿ ನಿಮಗ್ಯಾಕೆ?" ಅಷ್ಟೇ. ಯಾರ ಮನೆಗೆ ಯಾರು ಬಂದರು, ಯಾರ ಮಗಳಿಗೆ ಗಂಡು ಗೊತ್ತಾಯಿತು, ಇವನ್ನೆಲ್ಲಾ ವಿಚಾರಿಸುವ ಬೀದಿ ಅದು. ಬೆಂಕಿ ವಿಷಯಕ್ಕೆ ಮಾತ್ರ ಬಾಯಿ ಕಟ್ಟಿಕೊಳ್ಳುತ್ತದೆ. ಕೇಳುವುದು ಮರ್ಯಾದೆಗೇಡು ಅನ್ನುವ ಭಾವನೆ. ಇದು ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಲು ಆಗುವುದಿಲ್ಲ.

ನಮ್ಮಲ್ಲಿ ಅನಾಹುತ ಕಮ್ಮಿ ಆಗಿದೆಯಾ? 2022ರ ಮಾರ್ಚಿನಲ್ಲಿ ವೆಲ್ಲೂರಿನಲ್ಲಿ ರಾತ್ರಿ ಚಾರ್ಜಿಗೆ ಹಾಕಿದ ಸ್ಕೂಟರ್ ಹತ್ತಿಕೊಂಡು ಅಪ್ಪ, ಮಗಳು ಇಬ್ಬರೂ ಉಸಿರುಗಟ್ಟಿ ಸತ್ತರು. ವೆಲ್ಲೂರು ಎಲ್ಲೋ ದೂರ ಇಲ್ಲ. ಕೋಲಾರದ ಕಡೆಯವರು ಆಸ್ಪತ್ರೆಗೆಂದು ಹೋಗಿಬರುವ ಊರು. ಮುಂದಿನ ತಿಂಗಳೇ ವಿಜಯವಾಡದಲ್ಲಿ ಮಲಗುವ ಕೋಣೆಯಲ್ಲಿ ಚಾರ್ಜಿಗಿಟ್ಟ ಬ್ಯಾಟರಿ ಸಿಡಿದು ಮನೆಯ ಯಜಮಾನ ತೀರಿಕೊಂಡರು. ಅದೇ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನಲ್ಲಿ ಕೆಳಗೆ ಇ-ಸ್ಕೂಟರ್ ಶೋರೂಮ್, ಮೇಲೆ ಹೋಟೆಲ್ ಇದ್ದ ಕಟ್ಟಡದಲ್ಲಿ 8 ಜನ ಹೋದರು. 2024ರ ನವೆಂಬರಿನಲ್ಲಿ ಬೆಂಗಳೂರಿನ ರಾಜಕುಮಾರ್ ರಸ್ತೆಯ ಶೋರೂಮಿನಲ್ಲಿ ಅಲ್ಲೇ ಕೆಲಸಕ್ಕಿದ್ದ ಯುವತಿ ಬೆಂಕಿಗೆ ಬಲಿಯಾದಳು. ಇದೆಲ್ಲಾ ಟಿವಿಯಲ್ಲಿ ಬಂತು. ಭಾವನೂ ನೋಡಿದ್ದಾರೆ. "ಅದು ಅಲ್ಲಿ" ಅಂದರು.

ಅಕ್ಕನ ಮನೆಯಲ್ಲಿ ಇನ್ನೂ ಒಂದು ಭಯ. ಪಡಸಾಲೆ ದಾಟಿದರೆ ಹುಳು ಮನೆ. ಬಿದಿರಿನ ತಟ್ಟೆ, ಹುಳು ಗೂಡು ಕಟ್ಟುವ ಪ್ಲಾಸ್ಟಿಕ್ ಚಂದ್ರಿಕೆಗಳ ರಾಶಿ, ಹಳೇ ಪೇಪರು, ಒಣಗಿದ ಸೊಪ್ಪಿನ ಕಡ್ಡಿ. ಹುಳು ಹಣ್ಣಾಗಿ ಗೂಡು ಕಟ್ಟುವ ದಿನಗಳಲ್ಲಿ ಮನೆಯವರು ಎಷ್ಟು ಎಚ್ಚರ ಇರುತ್ತಾರೆ ಗೊತ್ತಲ್ಲ. ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಕೈಕಾಲು ತೊಳೆಯದೆ ಹೊಸಿಲು ದಾಟುವಂತಿಲ್ಲ. ಬಿಸಿ ಎಷ್ಟಿದೆ, ಗಾಳಿ ಎಷ್ಟಿದೆ ಅಂತ ಗಂಟೆಗೊಮ್ಮೆ ನೋಡುತ್ತಾರೆ. ಹುಳುವಿಗೆ ರೋಗ ಬರಬಾರದು ಅಂತ ಇಷ್ಟು ಶಿಸ್ತು ಪಾಲಿಸುವ ಮನೆ ಅದು. ಶಿಸ್ತು ನಮ್ಮವರಿಗೆ ಬರುವುದಿಲ್ಲ ಅನ್ನುವವರನ್ನು ನಾನು ಆ ಹುಳು ಮನೆಗೆ ಕರೆದುಕೊಂಡು ಹೋಗುತ್ತೇನೆ. ರೇಷ್ಮೆ ಇಲಾಖೆಯವರು ಬಂದು, ಕೂತು, ತೋರಿಸಿ ಕಲಿಸಿದ ಶಿಸ್ತು ಅದು. ಬ್ಯಾಟರಿ ಬಗ್ಗೆ ಹಾಗೆ ಬಂದು ಕೂತವರು ಯಾರೂ ಇಲ್ಲ.

ಕಾನೂನು ಇಲ್ಲವಾ? ಇದೆ, ಗಟ್ಟಿಯಾಗೇ ಇದೆ. 2022ರ ಆ ಬೆಂಕಿಗಳ ನಂತರ ಕೇಂದ್ರ ಸರ್ಕಾರ ಎಐಎಸ್ 156 ಎಂಬ ಮಾನದಂಡವನ್ನು ಬಿಗಿ ಮಾಡಿತು. 2022ರ ಡಿಸೆಂಬರ್ 1ರಿಂದ ಒಂದು ಹಂತ, 2023ರ ಮಾರ್ಚ್ 31ರಿಂದ ಇನ್ನೊಂದು. ಸೆಲ್ಲು ಯಾವಾಗ ತಯಾರಾಯಿತು ಅಂತ ಗೊತ್ತಾಗಬೇಕು. ಬಿಎಂಎಸ್ ಅತಿ ಚಾರ್ಜು, ಅತಿ ಬಿಸಿ, ಶಾರ್ಟ್ ಸರ್ಕ್ಯೂಟ್ ಮೂರನ್ನೂ ತಡೆಯಬೇಕು. ಒಂದು ಸೆಲ್ಲು ಕೆಟ್ಟರೆ ಇಡೀ ಪ್ಯಾಕು ಹೊತ್ತಿಕೊಳ್ಳಬಾರದು, ಸವಾರನಿಗೆ ಮೊದಲೇ ಎಚ್ಚರಿಕೆ ಬರಬೇಕು. ಓದಿದರೆ ಸಿಂಗಪುರದವರೂ ತಲೆದೂಗಬೇಕು.

ಆದರೆ ಈ ಕಾನೂನು ಶೋರೂಮಿನ ತನಕ ಬಂದು ಅಲ್ಲೇ ನಿಂತುಬಿಡುತ್ತದೆ. ಗಾಡಿ ಮನೆಗೆ ಬಂದ ಮೇಲೆ ಅದರ ಹೊಟ್ಟೆಯೊಳಗೆ ಯಾವ ಬ್ಯಾಟರಿ ಬಂತು, ಯಾರು ಹಾಕಿದರು, ಯಾವ ಚಾರ್ಜರ್ ಸಿಕ್ಕಿಸಿದರು, ಕೇಳುವವರಿಲ್ಲ. ಅಳಿಯನ ಗಾಡಿಯಂಥದ್ದಕ್ಕೆ ಅದೂ ಇಲ್ಲ. 250 ವ್ಯಾಟ್ ದಾಟದ, ಗಂಟೆಗೆ 25 ಕಿಲೋಮೀಟರ್ ಮೀರದ ಬ್ಯಾಟರಿ ಗಾಡಿ ನಮ್ಮ ನಿಯಮದ ಪ್ರಕಾರ ಮೋಟಾರು ವಾಹನವೇ ಅಲ್ಲ. ನಂಬರ್ ಪ್ಲೇಟು ಬೇಡ, ಲೈಸೆನ್ಸ್ ಬೇಡ. ಸ್ಪೀಡು ಕಮ್ಮಿ, ಅಪಾಯ ಕಮ್ಮಿ ಎಂಬ ಲೆಕ್ಕ. ರಸ್ತೆಯಲ್ಲಿ ಅದು ಸರಿ. ರಾತ್ರಿ ಮಂಚದ ಪಕ್ಕ ನಿಂತಾಗ ಸ್ಪೀಡು ಎಷ್ಟಾದರೇನು?

ಕರ್ನಾಟಕ 2017ರಲ್ಲೇ ವಿದ್ಯುತ್ ವಾಹನ ನೀತಿ ತಂದ ರಾಜ್ಯ, ದೇಶದಲ್ಲೇ ಮೊದಲು. ಕೋಲಾರದ ನರಸಾಪುರದ ಫ್ಯಾಕ್ಟರಿಯಲ್ಲಿ ಬ್ಯಾಟರಿ ಸ್ಕೂಟರುಗಳು ತಯಾರಾಗಿ ಹೊರಬಂದಿವೆ. ನಮ್ಮ ಹುಡುಗರೇ ಅಲ್ಲಿ ದುಡಿಯುತ್ತಿದ್ದಾರೆ. ಇದೆಲ್ಲಾ ಕೇಳಿದರೆ ಎದೆ ಉಬ್ಬುತ್ತದೆ. ಅಲ್ಲಿಂದ ಶಿಡ್ಲಘಟ್ಟ ಎಷ್ಟು ದೂರ? ಆ ಫ್ಯಾಕ್ಟರಿಯೊಳಗಿನ ತಿಳುವಳಿಕೆ ಈ ಪಡಸಾಲೆಗೆ ಬರಲು ಇನ್ನೆಷ್ಟು ವರ್ಷ ಬೇಕು? ಡೇರಿಗೆ ಹೊತ್ತು ಹೊತ್ತಿಗೆ ಇಡೀ ಊರು ಬರುತ್ತದೆ. ಅಲ್ಲಿನ ಗೋಡೆಗೆ ಕನ್ನಡದಲ್ಲಿ ಒಂದು ಪೋಸ್ಟರ್ ಅಂಟಿಸಲು ಯಾವ ಬಜೆಟ್ಟೂ ಬೇಕಿಲ್ಲ. ಬೆಸ್ಕಾಂ ಮೀಟರ್ ನೋಡಲು ಪ್ರತಿ ಮನೆಗೂ ಬರುತ್ತದೆ. ಬಿಲ್ಲಿನ ಹಿಂದೆ ಎರಡು ಸಾಲು ಹಾಕಬಹುದಲ್ವಾ?

ಸಿಂಗಪುರದ್ದೆಲ್ಲಾ ಚೆನ್ನ ಎಂದು ನಾನು ಹೇಳಿದರೆ ಅದೂ ಪೂರ್ತಿ ನಿಜವಲ್ಲ. ಬೆಂಕಿಯ ಕಾನೂನು ಬಿಗಿಯಾದ ಅದೇ 2019ರ ನವೆಂಬರ್ 5ರಿಂದ ಫುಟ್‌ಪಾತಿನಲ್ಲಿ ಇ-ಸ್ಕೂಟರ್ ಓಡಿಸುವುದನ್ನೇ ನಿಷೇಧಿಸಿದರು. ಪಾದಚಾರಿಗಳಿಗೆ ಪೆಟ್ಟಾಗುತ್ತಿತ್ತು, ಕಾರಣ ಇತ್ತು. ಆದರೆ ಆ ಸ್ಕೂಟರಿನಲ್ಲೇ ಊಟ ತಲುಪಿಸಿ ಬದುಕುತ್ತಿದ್ದ ಸಾವಿರಾರು ಜನರಿಗೆ ರಾತ್ರೋರಾತ್ರಿ ದಾರಿ ಮುಚ್ಚಿತು. ಅವರು ಸಂಸದರ ಜನಸಂಪರ್ಕ ಸಭೆಗಳಿಗೆ ಹೋಗಿ ಗೋಳು ಹೇಳಿಕೊಂಡರು. ನಮ್ಮ ಮಹಡಿಯ ಹಿರಿಯರೂ ಆಗ ಕೆಲಸ ಕಳೆದುಕೊಂಡು ಆಮೇಲೆ ಸೈಕಲ್ಲಿಗೆ ಬಂದವರೇ. ಕಾನೂನು ಕಟ್ಟುನಿಟ್ಟಾದಾಗ ಮೊದಲು ಏಟು ಬೀಳುವುದು ಬಡವರಿಗೆ.

ಶಿಡ್ಲಘಟ್ಟದಲ್ಲೂ ಹಾಗೇ. ಅಳಿಯನಿಗೆ ಕಂಪನಿ ಬ್ಯಾಟರಿ ಬೇಡವಾಗಿತ್ತಾ? ಅದರ ಬೆಲೆಗೆ ಒಂದು ಬೆಳೆಯ ಗೂಡಿನ ದುಡ್ಡು ಹೋಗುತ್ತಿತ್ತು. ಗಾಡಿ ಮಾರಿದ ಕಂಪನಿಯ ಸರ್ವಿಸ್ ಸೆಂಟರ್ ಬೆಂಗಳೂರಿನಲ್ಲಿ. ಪೇಟೆಯ ಆ ಅಂಗಡಿಯವನು ಇಲ್ಲದಿದ್ದರೆ ಗಾಡಿ ಮೂಲೆ ಸೇರುತ್ತಿತ್ತು, ಹಾಲು ಡೇರಿಗೆ ತಲುಪುತ್ತಿರಲಿಲ್ಲ. ಅವನ ಅಂಗಡಿಗೆ ಬೀಗ ಜಡಿಯಿರಿ ಎಂದು ನಾನು ಹೇಳುವುದಿಲ್ಲ. ಅವನಿಗೆ ತರಬೇತಿ ಕೊಡಿ, ಲೈಸೆನ್ಸ್ ಕೊಡಿ. ಕಟ್ಟಿದ ಪ್ಯಾಕಿನ ಮೇಲೆ ಅವನ ಹೆಸರು, ತಾರೀಕು, ವೋಲ್ಟು ಬರೆಯಿಸಿ. ಅದಕ್ಕೆ ಹೊಂದುವ ಚಾರ್ಜರ್ ಇಲ್ಲದೆ ಪ್ಯಾಕು ಮಾರುವಂತಿಲ್ಲ ಎನ್ನಿ.

ಇನ್ನೊಂದು, ದುಡ್ಡಿನ ಮಾತು. ಸಿಂಗಪುರ ನಿಷೇಧ ಮಾಡಿ ಸುಮ್ಮನಾಗಲಿಲ್ಲ. ಪಾಸಾಗದ ಸ್ಕೂಟರನ್ನು ಬೇಗ ತಂದು ಒಪ್ಪಿಸಿದವರಿಗೆ 100 ಡಾಲರ್ ಕೊಟ್ಟಿತು. ಊಟ ತಲುಪಿಸುವವರು ಸ್ಕೂಟರ್ ಬಿಟ್ಟು ಬೇರೆ ಸೈಕಲ್ ಕೊಳ್ಳಲು ಕಂಪನಿಗಳ ಜೊತೆ ಸೇರಿ 70 ಲಕ್ಷ ಡಾಲರ್ ತೆಗೆದಿಟ್ಟಿತು. ನಮ್ಮಲ್ಲಿ 2019ರಿಂದ ಫೇಮ್ 2, 2024ರಿಂದ ಪಿಎಂ ಇ-ಡ್ರೈವ್ ಎಂಬ ಕೇಂದ್ರದ ಯೋಜನೆಗಳಲ್ಲಿ ಸಬ್ಸಿಡಿ ಬಂದದ್ದು ಹೊಸ ಗಾಡಿ ಕೊಳ್ಳುವವರಿಗೆ. ಈಗಾಗಲೇ ಮನೆಯೊಳಗಿರುವ ಹೆಸರಿಲ್ಲದ ಪ್ಯಾಕುಗಳನ್ನು ತಂದುಕೊಟ್ಟು, ಸ್ವಲ್ಪ ದುಡ್ಡು ಸೇರಿಸಿ, ಪರೀಕ್ಷೆಯಾದ ಬ್ಯಾಟರಿ ಒಯ್ಯುವ ಯೋಜನೆಯೊಂದು ಬೇಕು. 2022ರ ಬ್ಯಾಟರಿ ತ್ಯಾಜ್ಯ ನಿಯಮದಲ್ಲಿ ಹಳೆಯದನ್ನು ವಾಪಸು ಪಡೆಯುವ ಹೊಣೆ ತಯಾರಕರ ಮೇಲಿದೆ. ಅದರ ಜೊತೆಗೇ ಇದನ್ನು ಸೇರಿಸಬಹುದು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ತಾಲ್ಲೂಕಿನ ರೈತರೆಲ್ಲಾ ಬರುತ್ತಾರೆ. ಅಲ್ಲೇ ಒಂದು ಮೂಲೆಯಲ್ಲಿ ಶುರುಮಾಡಲಿ.