ಪಕ್ಕದ ಸೈಟಿನ ಬಳ್ಳಾರಿ ಜಾಲಿಗೆ ಏನ್ ಮಾಡೋದು?

ಪಕ್ಕದ ಮನೆಯ ಬೇಲಿ ಬೆಳೆದು ನಮ್ಮ ಕಡೆ ಬಂದರೆ ಮೊದಲು ಮಾತಾಡಿ, ಕೇಳದಿದ್ದರೆ ಅರ್ಜಿ ಕೊಡಿ ಅಂತ ಲೇಖನದಲ್ಲಿ ಬರೆದಿದ್ದೀರಿ. ಸರಿನೇ. ಆದರೆ ನಮ್ಮ ರಾಯಚೂರಿನ ಹೊಸ ಲೇಔಟ್‌ಗಳಲ್ಲಿ ಪಕ್ಕದಲ್ಲಿ ಮನೆಯೇ ಇರಲ್ಲ ಸರ್, ಖಾಲಿ ಸೈಟು, ಅದರ ತುಂಬ ಬಳ್ಳಾರಿ ಜಾಲಿ ಅನ್ನೋ ಮುಳ್ಳಿನ ಗಿಡ. ಸೈಟಿನ ಮಾಲೀಕರು ಇರೋದು ಬೆಂಗಳೂರಲ್ಲೋ ಹೈದರಾಬಾದಲ್ಲೋ. ಯಾರ ಹತ್ರ ಮಾತಾಡೋದು?

ಇನ್ನು ಇದನ್ನ ಕಡಿಸೋದು ಅಂದ್ರೆ ಬರೀ ಕಡಿಸೋದಲ್ಲ. ನೆಲದ ಮಟ್ಟಕ್ಕೆ ಕಡಿದು ಬಿಟ್ರೆ ಒಂದು ಮಳೆಗೆ ಅದೇ ಬೊಡ್ಡೆಯಿಂದ ನಾಲ್ಕು ಕಡೆ ಚಿಗುರಿ ಮೊದಲಿಗಿಂತ ದಟ್ಟ ಆಗುತ್ತೆ. ಬೊಡ್ಡೆ ಸಮೇತ ಅಗೆದು ತೆಗೀಬೇಕು, ಅಂದ್ರೆ ಜೆಸಿಬಿ. ಕಾಯಿ ತಿಂದ ಕುರಿ, ಮೇಕೆ ಹಿಕ್ಕೆ ಹಾಕಿದಲ್ಲೆಲ್ಲ ಮತ್ತೆ ಸಸಿ. ಮುಳ್ಳಂತೂ ಚಪ್ಪಲಿ ದಾಟಿ ಅಂಗಾಲಿಗೆ ಇಳಿಯುತ್ತೆ, ನಮ್ಮ ಓಣಿಯ ಪಂಕ್ಚರ್ ಅಂಗಡಿಯವನಿಗೆ ಮಾತ್ರ ವರ್ಷಪೂರ್ತಿ ಸುಗ್ಗಿ.

ಲೇಖನದಲ್ಲಿ ಬಿಟ್ಟುಹೋದ ಒಂದು ವಿಷಯ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಸ್ವಂತ ಜಾಗದ ಮರ ಕಡಿಯೋಕೂ ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಯ ಅನುಮತಿ ಬೇಕು, ಆದರೆ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ನೀಲಗಿರಿ, ಸುಬಾಬುಲ್, ತೆಂಗಿನ ಜತೆ ಈ ಬಳ್ಳಾರಿ ಜಾಲಿಯೂ ಆ ಪಟ್ಟಿಯಲ್ಲಿದೆ. ಹಾಗಾಗಿ "ಫಾರೆಸ್ಟ್‌ನವರ ಪರ್ಮಿಷನ್ ಬೇಕಲ್ರಿ" ಅಂತ ಸೈಟಿನ ಮಾಲೀಕರು ಫೋನಲ್ಲಿ ಜಾರಿಕೊಂಡರೆ ನಂಬಬೇಡಿ. ಬೇವಿನ ಮರವಾದರೆ ಮಾತು ಬೇರೆ. ಅದಕ್ಕೆ ಅನುಮತಿ ಬೇಕೇ ಬೇಕು, ಮೇ ತಿಂಗಳ ಬಿಸಿಲಲ್ಲಿ ಅದರ ನೆರಳು ನಮ್ಮ ಅಂಗಳಕ್ಕೆ ಬಿದ್ದರೆ ತಕರಾರೂ ಇಲ್ಲ ಬಿಡಿ.

ಕೊಂಬೆ ಕರೆಂಟ್ ತಂತಿಗೆ ತಾಗ್ತಿದ್ರೆ ಮಾತ್ರ ಯಾರೂ ಕೊಡಲಿ ಹಿಡೀಬೇಡಿ, ನಮ್ಮ ಕಡೆಯ ಕರೆಂಟ್ ಕಂಪನಿ ಜೆಸ್ಕಾಂಗೆ ಫೋನ್ ಮಾಡಿ, ಲೈನ್ ಆಫ್ ಮಾಡಿಸಿಯೇ ಕಡೀಲಿ.