ಬಾರದವರ ಜೋಡಿ

ಬ್ರಿಟನ್ನಿನ ಕಾಮನ್ಸ್ ಸಭೆಯಲ್ಲಿ ‘ಪೇರಿಂಗ್’ ಎಂಬ ಜೋಡಿ ಕಟ್ಟುವ ಪದ್ಧತಿಯಿದೆ. ಮದುವೆಗಾದರೆ ಜಾತಕ ಕೂಡಬೇಕು. ಇಲ್ಲಿ ಇಬ್ಬರೂ ಎದುರಾಳಿಗಳಾಗಿರಬೇಕು. ಆಡಳಿತ ಪಕ್ಷದವರೊಬ್ಬರು ಕಾಯಿಲೆ ಬಿದ್ದರೋ ಪರದೇಶಕ್ಕೆ ಹೋದರೋ, ವಿರೋಧ ಪಕ್ಷದ ಒಬ್ಬರು ತಾವೂ ಮತ ಹಾಕದೆ ಉಳಿಯುತ್ತಾರೆ. ಇವರ ಮತಕ್ಕೆ ಅವರ ಮತ ವಜಾ. ನೊಗದಿಂದ ಎರಡೂ ಎತ್ತುಗಳನ್ನು ಒಮ್ಮೆಗೇ ಬಿಚ್ಚಿಬಿಟ್ಟ ಹಾಗೆ. ಇದಕ್ಕೆ ಸಹಿ ಇಲ್ಲ, ಮೊಹರಿಲ್ಲ. ಎರಡೂ ಕಡೆಯ ಸಚೇತಕರ ಬಾಯಿಮಾತೇ ಕರಾರು. ರಾಜಕಾರಣಿಗಳ ಬಾಯಿಮಾತು ನಂಬಿ ಶಾಸನಸಭೆ ನಡೆಸುವವರ ಧೈರ್ಯಕ್ಕೆ ನಾನು ಬೆರಗಾಗಿದ್ದೇನೆ.

1979ರ ಮಾರ್ಚ್ 28. ಪ್ರಧಾನಿ ಕ್ಯಾಲಹನ್ ಅವರ ಲೇಬರ್ ಸರ್ಕಾರದ ಮೇಲೆ ಅವಿಶ್ವಾಸ ನಿರ್ಣಯ. ಲೇಬರ್ ಸದಸ್ಯ ಸರ್ ಆಲ್ಫ್ರೆಡ್ ಬ್ರಾಟನ್, ಸ್ವತಃ ವೈದ್ಯರು, ಸಾಯುವ ಸ್ಥಿತಿಯಲ್ಲಿದ್ದರು. ಲೇಬರ್ ಉಪ ಸಚೇತಕ ವಾಲ್ಟರ್ ಹ್ಯಾರಿಸನ್, ಕನ್ಸರ್ವೇಟಿವ್ ಉಪ ಸಚೇತಕ ಬರ್ನಾರ್ಡ್ ವೆದರಿಲ್ ಬಳಿ ಹೋಗಿ ಹಳೆಯ ಮಾತು ನೆನಪಿಸಿದರು: ಕಾಯಿಲೆಯವರಿಗೆ ಜೋಡಿ ಕೊಡುತ್ತೇವೆ ಎಂದಿದ್ದಿರಲ್ಲ? ಇಂಥ ಮತಕ್ಕೆ ಆ ಮಾತು ಸಲ್ಲದು, ನಮ್ಮಲ್ಲಿ ಯಾರೂ ಒಪ್ಪಲಾರರು ಎಂದರು ವೆದರಿಲ್. ಆಮೇಲೆ ಯೋಚಿಸಿ, ಕೊಟ್ಟ ಮಾತು ಕೊಟ್ಟದ್ದೇ, ನಾನೇ ಮತ ಹಾಕದೆ ಉಳಿಯುತ್ತೇನೆ ಎಂದುಬಿಟ್ಟರು. ಹಾಗೆ ಮಾಡಿದ್ದರೆ ಸ್ವಂತ ಪಕ್ಷದಲ್ಲಿ ಅವರ ರಾಜಕೀಯಕ್ಕೆ ಅಂದೇ ತಿಲತರ್ಪಣ. ಅದು ಹ್ಯಾರಿಸನ್ನರಿಗೂ ಗೊತ್ತಿತ್ತು. ಬೇಡ ಎಂದು ಅವರನ್ನು ಮಾತಿನಿಂದ ಬಿಡಿಸಿದರು. ಸರ್ಕಾರ 311ಕ್ಕೆ 310ರಲ್ಲಿ ಬಿತ್ತು. ಬ್ರಾಟನ್ ಐದು ದಿನಗಳಲ್ಲಿ ತೀರಿಕೊಂಡರು. ಮೇ ತಿಂಗಳಲ್ಲಿ ಕನ್ಸರ್ವೇಟಿವ್ ಪಕ್ಷದ ಥ್ಯಾಚರ್ ಪ್ರಧಾನಿಯಾಗಿ ಬಂದರು. ವೆದರಿಲ್ 1983ರಲ್ಲಿ ಸ್ಪೀಕರ್ ಆದರು. ದರ್ಜಿ ಮನೆತನದವರು, ಎಷ್ಟೇ ಎತ್ತರಕ್ಕೇರಿದರೂ ಹೊಲಿಗೆಯ ಬೆರಳುಟೋಪಿಯೊಂದನ್ನು ಜೇಬಿನಲ್ಲಿಟ್ಟುಕೊಂಡೇ ತಿರುಗುತ್ತಿದ್ದರಂತೆ.

ಎಲ್ಲರೂ ವೆದರಿಲ್ ಆಗುವುದುಂಟೇ? 2018ರ ಜುಲೈನಲ್ಲಿ ವಿರೋಧ ಪಕ್ಷವಾದ ಲಿಬರಲ್ ಡೆಮಾಕ್ರಾಟ್‌ನ ಸದಸ್ಯೆ ಜೋ ಸ್ವಿನ್ಸನ್ ಹಸುಗೂಸಿನ ಬಾಣಂತಿ. ಅವರ ಜೋಡಿಯಾಗಿದ್ದವರು ಆಡಳಿತದಲ್ಲಿದ್ದ ಕನ್ಸರ್ವೇಟಿವ್ ಪಕ್ಷದ ಅಧ್ಯಕ್ಷ ಬ್ರ್ಯಾಂಡನ್ ಲೂಯಿಸ್. ಆ ದಿನದ ಸಣ್ಣಪುಟ್ಟ ಮತಗಳಿಗೆ ದೂರ ಉಳಿದರು, ಬಿಗಿಯಾದ ಎರಡಕ್ಕೆ ಮಾತ್ರ ಹೋಗಿ ಮತ ಹಾಕಿದರು. ಕಣ್ತಪ್ಪಿನಿಂದ ಆಯಿತೆಂದು ಕ್ಷಮೆ ಕೇಳಿದರು. ಕಣ್ಣು ಸರಿಯಾದ ಹೊತ್ತಿಗೇ ತಪ್ಪಿತ್ತು.

ಮುಂದಿನ ಜನವರಿಯಲ್ಲಿ, ಐರೋಪ್ಯ ಒಕ್ಕೂಟ ಬಿಡುವ ಬ್ರೆಕ್ಸಿಟ್ ಒಪ್ಪಂದದ ಮೇಲೆ ಸದನದಲ್ಲಿ ಮತದಾನ. ಲೇಬರ್ ಸದಸ್ಯೆ, ತುಂಬು ಗರ್ಭಿಣಿ ಟುಲಿಪ್ ಸಿದ್ದಿಕ್ ಜೋಡಿಯನ್ನು ನಂಬಲಿಲ್ಲ. ಸಿಸೇರಿಯನ್ ಮುಂದೂಡಿಸಿ, ಗಾಲಿಕುರ್ಚಿಯಲ್ಲಿ ಬಂದು ಮತ ಹಾಕಿದರು. ಅದೇ ತಿಂಗಳ ಕೊನೆಗೆ ಸದನ ನಿಯಮ ಬದಲಿಸಿತು: ಹೊಸ ತಾಯಿತಂದೆಯರ ಪರವಾಗಿ ಇನ್ನೊಬ್ಬ ಸದಸ್ಯರು ಮತ ಹಾಕಬಹುದು. ಅಲ್ಲಿಯವರೆಗೆ, ಹೆರಿಗೆಗೂ ಎದುರು ಪಕ್ಷದವರ ಕೃಪೆ ಬೇಕಿತ್ತು.