ಚಾಲೂ ಗಾಡೀದು ಟರ್ಮಿನಲ್ ಕಿತ್ತವರಿಗೆ ಏನ ಅನ್ನಬೇಕು?

ಗ್ಯಾರೇಜಿನಾಗ ನನ್ನ ಹಳೀ ಮಾರುತಿ 800ಕ್ಕ ಅರ್ಥ್ ಕೇಬಲ್ ಒಂದ ಹಾಕಿ ಕೊಡ್ರಿ ಅಂದಿದ್ದೆ. ಅಷ್ಟ. ಬ್ಯಾಟರಿ ನೋಡ್ರಿ ಅಂದಿಲ್ಲ, ಡೈನಮಾ (ಬ್ಯಾಟರಿ ತುಂಬೂ ಆಲ್ಟರ್ನೇಟರಿಗೆ ಗ್ಯಾರೇಜಿನಾಗ ಹಂಗ ಅಂತಾರ) ಚೆಕ್ ಮಾಡ್ರಿ ಅಂದಿಲ್ಲ. 16 ಚದರ ಮಿಲಿಮೀಟರಿನ ತಾಮ್ರದ ಕೇಬಲ್, ಎರಡೂ ತುದಿಗೆ ಒತ್ತಿದ ಲಗ್ (ಬೋಲ್ಟಿಗೆ ಸಿಗಸೂ ಲೋಹದ ಕಿವಿ), ಬ್ಯಾಟರಿ ಮೈನಸ್‌ನಿಂದ ಗೇರ್‌ಬಾಕ್ಸ್ ಬೋಲ್ಟಿಗೆ. ಲಗ್ ಒತ್ತೂ ಮಿಷನ್ ಮನ್ಯಾಗ ಇಲ್ಲ, ಅದಕ ಗ್ಯಾರೇಜಿಗೆ ಹೋಗಿದ್ದು. ಇಲ್ಲಂದ್ರ ಆ ಕಡೆ ತೆಲಿ ಹಾಕಿ ಮಲಗತಿದ್ದಿಲ್ಲ.

ಅಲ್ಲಿನ ಮೆಕ್ಯಾನಿಕ್ ಚಾಲೂ ಎಂಜಿನ್ ಮ್ಯಾಲ ಬ್ಯಾಟರಿ ಟರ್ಮಿನಲ್ ಕಿತ್ತಾನ್ರಿ! ಎಂಪಿಎಫ್‌ಐ ಗಾಡಿ. ಪೆಟ್ರೋಲ್ ಇಂಜೆಕ್ಟರಿಲೆ ಹೋಗೂದು, ಅದನ್ನ ನಡಸೂ ಕಂಪ್ಯೂಟರ್ ಇಸಿಎಂ ಒಳಗ ಕುಂತೈತಿ.

ಆ ಗಳಿಗಿ ಕಣ್ಣ ಮುಂದಿಂದ ಹೋಗವಲ್ದು. ಎಂಜಿನ್ ಎರಡು ಸಾವಿರ ಆರ್‌ಪಿಎಂ ಮ್ಯಾಲ ಇತ್ತು, ಹೈಬೀಮ್ ಹಚ್ಚಿತ್ತು, ಬ್ಲೋವರ್ ಪೂರಾ ಬಿಟ್ಟಿತ್ತು. ನನ್ನ ಮಲ್ಟಿಮೀಟರಿನ ಕೆಂಪು ಪ್ರೋಬ್ ಆಲ್ಟರ್ನೇಟರಿನ ಬಿ ಪ್ಲಸ್ ಬೋಲ್ಟಿಗೆ (ಕರೆಂಟ್ ಹೊರಗ ಬರೂ ಜಾಗ), ಕರೀದು ಅದರ ಮೈಗೆ ಹಿಡದು, "ಇಲ್ಲಿ ನೋಡ್ರಿ, 14.3 ವೋಲ್ಟ್ ಐತಿ, ಡೈನಮಾ ಚಲೋನ ಐತಿ" ಅನ್ನಾಕತ್ತಿದ್ದೆ. ಆತ ಮೀಟರಿನ ಕಡೆ ಕಣ್ಣೆತ್ತಿ ನೋಡಲಿಲ್ಲ. ಹತ್ತರ ಪಾನಾ ಹಾಕಿ ಮೈನಸ್ ಕ್ಲ್ಯಾಂಪ್ ಸಡ್ಲ ಮಾಡಿದ. "ಬ್ಯಾಡ್ರಿ" ಅನ್ನೂದರೊಳಗ ಎತ್ತಿದ. ಹೆಡ್‌ಲೈಟ್ ಭಗ್ ಅಂತ ಬೆಳ್ಳಗ ಹೊಳದು ಇಳೀತು. ಅದೂ ಸಾಲಲಿಲ್ಲ, ಥ್ರಾಟಲ್ ಕೇಬಲ್ ಹಿಡದು ಜಗ್ಗಿ ರೇಸ್ ಬ್ಯಾರೆ ಕೊಟ್ಟ. "ಎಂಜಿನ್ ಬಂದ್ ಆತೇನ್ರಿ? ಇಲ್ಲ. ಡೈನಮಾ ಓಕೆ. ಬ್ಯಾಟರಿ ಹೋಗೇತಿ."

"ಹಂಗ ಕೀಳಬಾರದ್ರಿ, ಡಯೋಡ್ ಸುಟ್ಟು ಹೋಗ್ತಾವು" ಅಂದೆ. ಆಲ್ಟರ್ನೇಟರಿನೊಳಗ ಎಸಿ ಕರೆಂಟ್ ಡಿಸಿ ಮಾಡೂವು ಅವು. ಉತ್ತರ ನನಗ ಕೊಡಲಿಲ್ಲ. ಚಾ ಕುಡಕೋತ ನಿಂತ ಮಂದಿ ಕಡೆ ತಿರುಗಿ, "ಸಾಹೇಬ್ರು ಮೀಟರ್ ತಂದಾರ್ರೀ, ನಮಗ ಗಾಡಿ ಕಲಸ್ತಾರಂತ" ಅಂದ. ನಕ್ಕರು. ಕೆಲಸದ ಹುಡುಗ ಸೈತ ನಕ್ಕ, ಹತ್ತರ ಪಾನಾ ಕೇಳಿದ್ರ ಹನ್ನೆರಡರದು ತಂದು ಕೊಡಾವ. ನಾ ಎರಡೂ ಪ್ರೋಬ್ ಕೈಯಾಗ ಹಿಡಕೊಂಡು ನಿಂತೆ. ಎಲ್ಲಿ ಇಡಬೇಕು ತಿಳೀಲಿಲ್ಲ. ಇಟ್ಟಿದ್ರೂ ಯಾರು ನೋಡೂರಿದ್ರು?

ಇನ್ನ ಮುಂದಿನ ಕತಿ ಕೇಳ್ರಿ. ಕ್ಲ್ಯಾಂಪ್ ಮತ್ತ ಹಾಕಿದ, ಚಟ್ ಅಂತ ಕಿಡಿ ಹಾರ್ತು. ಐಡಲಿಗೆ ಬಂದ ಕೂಡ್ಲೇ ಬೋರ್ಡಿನಾಗ ಬ್ಯಾಟರಿ ದೀಪ (ಚಾರ್ಜ್ ದೀಪ) ಮಿಣಮಿಣ ಅನ್ನಾಕತ್ತು. ಆ ತನಕ ಒಂದ ದಿನಾನೂ ಚಾಲೂ ಗಾಡ್ಯಾಗ ಹತ್ತಿದ್ದಿಲ್ಲ ಆ ದೀಪ. ಆಗ ಆ ಪುಣ್ಯಾತ್ಮ ಏನಂದ ಗೊತ್ತೇನು? "ಡೈನಮಾನೂ ಹೋಗೇತಿ ನೋಡ್ರಿ. ಹಳೀ ಗಾಡಿ. ಎರಡೂ ಹಾಕಿ ಬಿಡೋಣು." ಈಗಷ್ಟ ಓಕೆ ಅಂದಿದ್ದ! ಓಕೆ ಇದ್ದದ್ದು ಹತ್ತು ನಿಮಿಷದಾಗ ಹೆಂಗ ಹೋತು, ಯಾರ ಕೈಯಾಗ ಹೋತು? ಅದನ್ನ ಕೇಳಾಕ ಬಾಯಿ ತೆಗದ್ರ ಮತ್ತ ನಗಿ.

ಹೋಗ್ಲಿ ಬಿಡ್ರಿ. ಕೆಎ 28 ಪ್ಲೇಟಿನ ಹಳೀ 800, ಕಂಪನಿ ಮಾಡೂದು ಬಿಟ್ಟದ್ದೇ 2014ರಾಗ. ಅದರ ಡಯೋಡು ಇವತ್ತಲ್ಲ ನಾಳೆ ಹೋಗತಿದ್ವು ಅಂತ ಸುಮ್ನಾಗಬೇಕು.

ಸುಮ್ನ ಯಾಕ ಆಗಬೇಕು? ಹೋಗೂದಿದ್ದಿಲ್ಲ ಅವು! ಅದಕ್ಕಿಂತ ಮೊದಲ ಬ್ಯಾಟರಿ ಮ್ಯಾಲ ಎಸಿ ಮೋಡಿನಾಗ ಅಳದಿದ್ದೆ, 0.04 ವೋಲ್ಟ್ ಇತ್ತು. ಡಯೋಡ್ ಆರೋಗ್ಯ ನೋಡೂದು ಹಂಗ: ಎಂಜಿನ್ ಚಾಲೂ, ಲೈಟ್ ಹಚ್ಚಿ, ಮೀಟರ್ ಎಸಿಗೆ ತಿರುವಿ ಬ್ಯಾಟರಿ ಎರಡೂ ಪೋಸ್ಟಿಗೆ ಹಿಡೀಬೇಕು. ಅರ್ಧ ವೋಲ್ಟ್ ದಾಟಿತಂದ್ರ ರೆಕ್ಟಿಫೈಯರಿನಾಗ (ಡಯೋಡ್ ಕುಂತ ಪ್ಲೇಟು) ಒಂದರೆ ಡಯೋಡ್ ಸತ್ತೈತಿ ಅಂತ ತಿಳಕೋಬೇಕು. ಈಗ ಅದೇ ಜಾಗಾದಾಗ 0.9 ಬರ್ತೈತಿ. ರೇಡಿಯೋದಾಗ ಎಂಜಿನ್ ಜೋಡಿ ಏರೂ ಇಳಿಯೂ ಕುಂಯ್ ಅನ್ನೂ ಸಪ್ಪಳ ಬ್ಯಾರೆ ಶುರುವಾಗೇತಿ. ಇದಕ್ಕಿಂತ ಪುರಾವೆ ಏನ ಬೇಕು?

ಟರ್ಮಿನಲ್ ಕೀಳೂ ಚಾಳಿ ಎಲ್ಲಿಂದ ಬಂತು ಅನ್ನೂದೂ ಗೊತ್ತೈತಿ. ಹಳೇ ಅಂಬಾಸಡರ್, ಫಿಯಾಟ್ ಗಾಡಿಗೆ ಖರೇನ ಡೈನಮೋ ಇತ್ತು, ಬ್ಯಾರೆ ಡಬ್ಬ್ಯಾಗ ಕರೆಂಟ್ ತಿರುಗಿ ಹೋಗದಂಗ ತಡಿಯೂ ಕಟೌಟ್ ಇತ್ತು. ಕರೆಂಟ್ ತಿದ್ದೂದು ಕಮ್ಯುಟೇಟರ್, ಡಯೋಡ್ ಅನ್ನೂ ಮಾತ ಇಲ್ಲ, ಇಸಿಎಂ ಅಂತೂ ಇಲ್ಲವೇ ಇಲ್ಲ. ಆಗ ಕಿತ್ತು ನೋಡಿದ್ರ ನಡೀತಿತ್ತು. ಆಲ್ಟರ್ನೇಟರಿನ ಲೆಕ್ಕಾನ ಬ್ಯಾರೆ. ಅದು 20-25 ಆಂಪಿಯರ್ ಕೊಡಾಕತ್ತಾಗ ಬ್ಯಾಟರಿ ತಗದ್ರ ಕುಡಿಯೂ ಹೊಟ್ಟಿ ಒಮ್ಮೆಲೆ ಮಾಯ. ರೋಟರಿನ ಕಾಯಿಲ್‌ದಾಗಿನ ಕರೆಂಟ್ ಅಷ್ಟ ಲಗೂನ ಇಳಿಯೂದಿಲ್ಲ, ವೋಲ್ಟೇಜ್ ಹಿಡಿತದಾಗ ಇಡೂ ರೆಗ್ಯುಲೇಟರ್ ಅದನ್ನ ಬಂದ್ ಮಾಡಿದ್ರೂ ಅಯಸ್ಕಾಂತ ಆರಾಕ ಸೆಕೆಂಡಿನ ಒಂದು ಪಾಲು ಬೇಕು. ಅಷ್ಟರೊಳಗ ವೋಲ್ಟೇಜ್ 60-80ಕ್ಕೂ ಜಿಗೀಬಹುದು. ಲೋಡ್ ಡಂಪ್ ಅಂತಾರ ಇದಕ್ಕ. ಡಯೋಡು, ರೆಗ್ಯುಲೇಟರು, ಇಸಿಎಂ, ಯಾವುದು ಮೆತ್ತಗ ಐತೋ ಅದು ಮೊದಲ ಹೋಗ್ತೈತಿ. ನನ್ನ ಪುಣ್ಯಕ್ಕ ಇಸಿಎಂ ಉಳದೈತಿ. ಸದ್ಯಕ್ಕ.

ಅದೂ ಹೋಗ್ಲಿ, ಕಿತ್ತು ನೋಡಿದ್ದರಿಂದ ಸಿಕ್ಕದ್ದರ ಏನು? 800ರ ಎಂಜಿನ್ ಬರೇ ಓಡಾಕ ಪೆಟ್ರೋಲ್ ಪಂಪು, ಕಾಯಿಲು, ಇಂಜೆಕ್ಟರು ಕೂಡಿ ಹತ್ತು ಆಂಪಿಯರ್ ಇದ್ರ ಸಾಕು. ಅರ್ಧ ಸತ್ತ ಆಲ್ಟರ್ನೇಟರೂ ಅಷ್ಟ ಕೊಡ್ತೈತಿ. ಎಂಜಿನ್ ಬಂದ್ ಆಗಲಿಲ್ಲ ಅಂದ್ರ ಬ್ಯಾಟರಿಗೆ ಸರಿಯಾಗಿ ಚಾರ್ಜ್ ಮುಟ್ಟತೈತಿ ಅಂತ ಅರ್ಥ ಅಲ್ಲ. ಈ ಟೆಸ್ಟಿನಾಗ ಪಾಸಾದ್ರೂ ಏನೂ ತಿಳಿಯೂದಿಲ್ಲ, ಫೇಲಾದ್ರೂ ಏನೂ ತಿಳಿಯೂದಿಲ್ಲ, ಎರಡೂ ಕಡೆ ಬ್ಯಾಟರಿ ಮಾತ್ರ ಮಾರಾಟ ಆಗ್ತೈತಿ.

ರೋಗ ಏನಿತ್ತು ಅಂತ ನಾನ ಹೇಳತೇನಿ. ಮುಂಜಾನಿ ಸೆಲ್ಫ್ ಹೊಡದ್ರ ಊಂ… ಊಂ… ಅಂತ ಮೆಲ್ಲಕ ತಿರಗತಿತ್ತು. ರಾತ್ರಿ ಬಾಗಲಕೋಟಿಯಿಂದ ಬರಬೇಕಾದ್ರ ಕೊಲ್ಹಾರ ಸೇತುವಿ ಮ್ಯಾಲ ಲೈಟು ಹಳದಿ, ಮುಂದ ಹಿಂದಿನ ದೀಪ ಇಲ್ಲದ ಕಬ್ಬಿನ ಟ್ರ್ಯಾಕ್ಟರ್. ಬೋರ್ಡಿನ ಚಾರ್ಜ್ ದೀಪ ಮಾತ್ರ ಬಂದ್. ಇದನ್ನ ಯಾರಿಗೆ ಹೇಳಿದ್ರೂ ಬ್ಯಾಟರಿ ಅಂತಾರ. ಬೆಲ್ಟ್ ಹೆಬ್ಬೆರಳಿಲೆ ಒತ್ತಿದ್ರ ಅರ್ಧ ಇಂಚಿನೊಳಗ ಬಗ್ಗತಿತ್ತು, ಹೊಳಪಿಲ್ಲ, ಕಿರಚೂದಿಲ್ಲ, ಅಂದ್ರ ಬೆಲ್ಟ್ ಅಲ್ಲ. ರಾತ್ರಿ ಪೂರಾ ನಿಂತ ಬ್ಯಾಟರಿ 12.2. ಅಂದ್ರ ಅರ್ಧ ಹೊಟ್ಟಿ. 12.6 ಇದ್ರ ತುಂಬಿದ್ದು, 11.8ರ ಕೆಳಗ ಇದ್ರ ಖಾಲಿ. ಕೀಲಿ ಬಂದ್ ಇದ್ದಾಗ ಸೋರಿಕಿ 50 ಮಿಲಿ ಆಂಪಿಯರಿನೊಳಗ, ಅದೂ ಅಲ್ಲ. ಅಂದ್ರ ಬ್ಯಾಟರಿ ಸೋರವಲ್ದು, ತುಂಬವಲ್ದು.

ಎಂಜಿನ್ ಚಾಲೂ ಮಾಡಿ ಲೋಡ್ ಹಾಕಿದ್ರ ಬ್ಯಾಟರಿ ಪೋಸ್ಟ್ ಮ್ಯಾಲ 12.9. ಆಲ್ಟರ್ನೇಟರ್ ಮ್ಯಾಲ 14.3. ನಡುವ 1.4 ವೋಲ್ಟ್ ಯಾರ ಹೊಟ್ಟ್ಯಾಗ ಹೋತು? ಮೊದಲ ಪ್ಲಸ್ ದಾರಿ: ಬಿ ಪ್ಲಸ್ ಬೋಲ್ಟಿನಿಂದ ಬ್ಯಾಟರಿ ಪ್ಲಸ್ ಪೋಸ್ಟಿಗೆ ಮೀಟರ್ ಹಿಡದ್ರ 0.15. ಇದು ಸರಿ, 0.3ರ ತನಕ ಮಾಫಿ. ಆಮ್ಯಾಲ ಮೈನಸ್ ದಾರಿ: ಆಲ್ಟರ್ನೇಟರ್ ಮೈಯಿಂದ ಬ್ಯಾಟರಿ ಮೈನಸ್ ಪೋಸ್ಟಿಗೆ 1.25. ಇಲ್ಲಿ 0.2 ದಾಟಬಾರದು. ಸಿಕ್ತಲ್ಲ ಕಳ್ಳ! 0.15ಕ್ಕ 1.25 ಕೂಡಿಸ್ರಿ, ಬರೋಬ್ಬರಿ 1.4. ಪೋಸ್ಟಿಗೆ ಹಿಡೀಬೇಕು, ಕ್ಲ್ಯಾಂಪಿಗೆ ಅಲ್ಲ. ಕ್ಲ್ಯಾಂಪಿಗೆ ಹಿಡದ್ರ ಪೋಸ್ಟಿಗೂ ಕ್ಲ್ಯಾಂಪಿಗೂ ನಡುವಿನ ಬಿಳೀ ಬೂಸಲಿನಾಗ ಇಳಿಯೂ ವೋಲ್ಟೇಜ್ (ಡ್ರಾಪ್) ತಪ್ಪಿಸಿಕೊಳ್ತೈತಿ.

ಆಲ್ಟರ್ನೇಟರ್ ತನ್ನ ಮೈ ಮತ್ತ ತನ್ನ ಬಿ ಪ್ಲಸ್ ನಡುವ 14.3 ಹಿಡದು ಕುಂತೈತಿ, ಅದರ ಲೆಕ್ಕದಾಗ ಎಲ್ಲಾ ಸರಿ, ಅದಕ ಚಾರ್ಜ್ ದೀಪ ಹತ್ತೂದಿಲ್ಲ. ಬ್ಯಾಟರಿ ತನಕ ಮುಟ್ಟೂದು 12.9. ಅಷ್ಟರಾಗ ಲೆಡ್ ಆಸಿಡ್ ಬ್ಯಾಟರಿ ಯಾವತ್ತೂ ಪೂರ್ತಿ ತುಂಬೂದಿಲ್ಲ, ಪ್ಲೇಟಿನ ಮ್ಯಾಲ ಸಲ್ಫೇಟ್ ಗಟ್ಟಿಯಾಗ್ತೈತಿ. ಹೊಸಾ ಬ್ಯಾಟರಿ ಹಾಕಿದ್ರ? ಅದೂ ಇದೇ 12.9 ಕುಡದು ಸಾಯ್ತೈತಿ. ನಾಲ್ಕು ಸಾವಿರದ ಆಸುಪಾಸು ರೊಕ್ಕ ಕೊಟ್ಟು, ವಾರಂಟಿ ಕಾರ್ಡ್ ಹಿಡಕೊಂಡು ಹೋದ್ರ "ಗಾಡಿ ಚಾರ್ಜಿಂಗ್ ಫಾಲ್ಟ್ ಐತಿ, ವಾರಂಟಿ ಇಲ್ಲ" ಅಂತಾರ. ಅದನ್ನ ಮೊದಲ ಅಳೀರಿ ಅಂದ್ರ ನಗ್ತಾರ!

ಸೆಲ್ಫ್ ಮೆಲ್ಲಕ ತಿರಗೂದಕ್ಕೂ ಅದೇ ಕೇಬಲ್. 25 ಆಂಪಿಯರಿಗೆ 1.25 ವೋಲ್ಟ್ ಅಂದ್ರ 0.05 ಓಮ್. ಸಣ್ಣದು ಅನ್ನಸ್ತೈತಿ. ಸ್ಟಾರ್ಟರ್ ನೂರರ ಹತ್ತಿರ ಎಳೀಬೇಕು, ಆ ಲೆಕ್ಕಕ್ಕ 5 ವೋಲ್ಟ್ ಅಲ್ಲೇ ಸುಡತೈತಿ, ಅಷ್ಟ ಎಳಿಯಾಕ ಆಗದ ಮೋಟರ್ ಕುಂಟತೈತಿ. ಇನ್ನೊಂದು ಗುರುತು ಐತಿ: ಅರ್ಥ್ ಕೇಬಲ್ ಕೆಟ್ಟ ಗಾಡ್ಯಾಗ ಸೆಲ್ಫ್ ಹೊಡದಾಗ ಕರೆಂಟ್ ಬ್ಯಾರೆ ದಾರಿ ಹುಡುಕ್ತೈತಿ, ಥ್ರಾಟಲ್ ಕೇಬಲ್ಲಿನ ಉಕ್ಕಿನ ತಂತಿ ಬಿಸಿ ಆಗ್ತೈತಿ. ಆ್ಯಕ್ಸಿಲರೇಟರ್ ಕೇಬಲ್ ಪದೇ ಪದೇ ಬಿಗಿ ಹಿಡೀತೈತಿ ಅಂತ ಬದಲಿ ಮಾಡೂರು ಒಮ್ಮೆ ಇದನ್ನ ನೋಡ್ರಿ.

ಪುರಾವೆ ಬೇಕಂದ್ರ ಜಂಪರ್ ಕೇಬಲ್ ಒಂದ ಸಾಕು. ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಬಣ್ಣ ಇಲ್ಲದ ಎಂಜಿನ್ ಬ್ರಾಕೆಟಿಗೆ. ಹಚ್ಚಿದ ಕೂಡ್ಲೇ 12.9 ಇದ್ದದ್ದು 14.1ಕ್ಕ ಏರ್ತು, ಸೆಲ್ಫ್ ಚಟ್ಟನ ತಿರಗ್ತು. ಇಷ್ಟ ಖಾತ್ರಿ ಮಾಡಿಕೊಂಡು ಹೋಗಿದ್ದೆ ನಾ. ಹಳೇ ಕೇಬಲ್ ಹೊರಗಿಂದ ಚಂದ ಐತಿ, ಲಗ್ ಹತ್ತಿರ ರಬ್ಬರ್ ಸೀಳಿದ್ರ ಒಳಗ ಹಸರು ಪುಡಿ, ಬ್ಯಾಟರಿ ಆಸಿಡ್ ಇಳದು ತಿಂದಿತ್ತು. ನೂರಿನ್ನೂರು ರೂಪಾಯಿ ಕೆಲಸ.

ಮತ್ತ ಯಾಕ ಇಷ್ಟೆಲ್ಲಾ ಬರೀತೀನೋ. ಇವತ್ತ ರಾತ್ರಿ ಇಡೀ ವಿಜಯಪುರಕ್ಕ ವೋಲ್ಟೇಜ್ ಡ್ರಾಪ್ ಕಲಿಸೂ ಗುತ್ತಿಗಿ ಹಿಡದಂಗ ಕುಂತೀನಿ, ಉಣ್ಣಾಕ ಕರದ್ರೂ "ತಡಿ, 1.25 ಬರೀಬೇಕು" ಅಂತ. ಮೀಟರ್ ಸಾಹೇಬ. ಚಲೋ ಹೆಸರು ಇಟ್ರು. ಅಂಗಿ ಕಿಸೇಕ ಬೋರ್ಡ್ ಬರಸಿ ಹಾಕೋತೇನಿ.

ಆದ್ರ ಯಾರರೆ ಒಬ್ಬರು ಇದಕ್ಕ ಉತ್ತರ ಹೇಳ್ರಿ. ಗೋಳಗುಮ್ಮಟದಾಗ ಒಮ್ಮೆ ಕೂಗಿದ್ರ ಏಳು ಸಲ ತಿರುಗಿ ಬರ್ತೈತಿ, ಇಲ್ಲಿ ಒಂದ ಸಲಾನೂ ಇಲ್ಲ. ಗಿರಾಕಿ ಬ್ಯಾಡ ಅಂದ ಮ್ಯಾಲೂ ಕಿತ್ತು, ಅದರಿಂದ ಡಯೋಡ್ ಹೋದ್ರ ರೊಕ್ಕ ಯಾರು ಕೊಡಬೇಕು? ಬಿಲ್ಲಿನಾಗ "ಚೆಕಿಂಗ್ ಚಾರ್ಜ್" ಅಂತ ಬರದು ಇಸಕೊಂಡಾರ್ರಿ, ಕಿತ್ತದ್ದಕ್ಕ! ಎರಡು ನೂರು! ಮೀಟರ್ ಅದಕ್ಕಿಂತ ನೂರು ಹೆಚ್ಚು ಕೊಟ್ರ ಬರ್ತೈತಿ.

ಜಗಳಾ ಮಾಡಿ ಏನೂ ಉಪಯೋಗಿಲ್ಲ, ಅದೂ ಗೊತ್ತೈತಿ. ನಾಳೆ ಮತ್ತೊಂದ ಗಾಡಿ ಬರ್ತೈತಿ, ಮತ್ತ ಹತ್ತರ ಪಾನಾ. ನಿಮ್ಮ ಗಾಡಿ ಆಗಿದ್ರ ಬಾನೆಟ್ ಎತ್ತೂಕಿಂತ ಮೊದಲ ಎಂಜಿನ್ ಬಂದ್ ಮಾಡಿ ಕೀಲಿ ಕಿಸೇದಾಗ ಇಟಕೊಳ್ರಿ. ಬ್ಯಾಸಗ್ಯಾಗ ಇನ್ನೊಂದ ನೆಪ ತಗೀತಾರ, ಅದಕ್ಕೂ ಬಲಿ ಆಗಬ್ಯಾಡ್ರಿ: ನಮ್ಮ 40 ಡಿಗ್ರಿ ಬಿಸಲಾಗ ಕಾದ ರೆಗ್ಯುಲೇಟರ್ ತಾನ ವೋಲ್ಟೇಜ್ ಇಳಸ್ತೈತಿ, 13.6-13.8 ಬಂದ್ರ ರೋಗ ಅಲ್ಲ. 14.8 ದಾಟಿ ಬ್ಯಾಟರಿ ನೀರು ಕುದ್ರ ಅದು ರೋಗ. ಕೀಲಿ ತಿರುವಿದಾಗ ಎಂಜಿನ್ ಚಾಲೂ ಆಗೂಕಿಂತ ಮೊದಲ ಚಾರ್ಜ್ ದೀಪ ಹತ್ತಲೇಬೇಕು. ಹತ್ತಲಿಲ್ಲಂದ್ರ ಬಲ್ಬ್ ಹೋಗಿರ್ತೈತಿ, ಇಲ್ಲಾ ದೀಪದಿಂದ ಆಲ್ಟರ್ನೇಟರಿಗೆ ಹೋಗೂ ಎಲ್ ವೈರ್ ಹರದಿರ್ತೈತಿ, ಇಲ್ಲಾ ರೋಟರಿಗೆ ಕರೆಂಟ್ ಮುಟ್ಟಸೂ ಬ್ರಶ್ ಸವದಿರ್ತಾವು, ಮತ್ತ ಆ ಬಲ್ಬಿನ ಮ್ಯಾಲಿಂದನ ರೋಟರಿಗೆ ಮೊದಲ ಕರೆಂಟ್ ಹೋಗೂದು. ಹತ್ತು ರೂಪಾಯಿ ಬಲ್ಬಿಗೆ ಆಲ್ಟರ್ನೇಟರ್ ಬದಲಿ ಮಾಡಿಸಿದವರು ನಮ್ಮ ಊರಾಗ ಅದಾರ.

ಈಗ ಗೊತ್ತಿದ್ದವರು ಇಷ್ಟ ಹೇಳ್ರಿ: ಪೂರಾ ಆಲ್ಟರ್ನೇಟರ್ ಹಾಕ್ರಿ ಅನ್ನದ, ಬರೇ ರೆಕ್ಟಿಫೈಯರ್ ಪ್ಲೇಟ್ ಬದಲಿ ಮಾಡಿ, ಸ್ಟೇಟರ್ ತಂತಿ ಮೂರೂ ಸರಿಯಾಗಿ ಬೆಸುಗಿ ಹಾಕಿ ಕೊಡೂ ವೈಂಡಿಂಗ್ ಅಂಗಡಿ ವಿಜಯಪುರದಾಗ ಯಾವ ಕಡೆ ಐತಿ? ಮತ್ತ ಕೇಬಲಿಗೆ ಲಗ್ ಇಕ್ಕಳದಾಗ ಚಪ್ಪಟಿ ಮಾಡೂರು ಬ್ಯಾಡ, ಮಿಷನ್ನಿಲೆ ಒತ್ತೂರು ಬೇಕು. ಆ ಕೇಬಲ್ ಇನ್ನೂ ಹಾಕಿಲ್ಲ.